ಮಳೆಗಾಲದಲ್ಲಿ ಬೆಕ್ಕು, ನಾಯಿ ಇರುವ ಮನೆಯ ವಾಸನೆಗೆ ಪರಿಹಾರವೇನು?

ಪ್ರಶ್ನೆ (ಡೊಂಬಿವಲಿ ಪೂರ್ವ)

ನಮ್ಮದು ಒಂದು ಬೆಡ್‌ರೂಮಿನ ಫ್ಲ್ಯಾಟ್. ಒಂದು ಗಂಡು ಬೆಕ್ಕು ಮತ್ತು ವಯಸ್ಸಾದ ಒಂದು ಲ್ಯಾಬ್ರಡಾರ್ ನಾಯಿ ನಮ್ಮೊಂದಿಗಿವೆ. ಬೇಸಿಗೆಯಲ್ಲಿ ಕಿಟಕಿಗಳು ತೆರೆದೇ ಇರುವುದರಿಂದ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಆದರೆ ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ, ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಒಣಗಿಸಿದ್ದ ಸೋಫಾದ ಮೂಲೆಯಿಂದಲೇ ಬೆಕ್ಕಿನ ಮೂತ್ರದ ನಾತ ಮತ್ತೆ ಏಳುತ್ತದೆ. ಅತ್ತೆಯವರು ದಿನಕ್ಕೆರಡು ಸಲ ಫಿನೈಲ್ ಹಾಕಿ ನೆಲ ಒರೆಸುತ್ತಾರೆ, ಸಂಜೆ ಲೋಭಾನ ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಲೋಭಾನವೂ ನಾತವೂ ಬೆರೆತು ಇನ್ನಷ್ಟು ಅಸಹನೀಯವಾಗುತ್ತದೆ. ಗಣೇಶ ಚೌತಿಗೆ ಊರಿನಿಂದ ನೆಂಟರು ಬರುವವರಿದ್ದಾರೆ. ಪ್ರಾಣಿಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎಂಬ ಸಲಹೆಯನ್ನು ದಯವಿಟ್ಟು ಕೊಡಬೇಡಿ. ತೊಳೆದ ಜಾಗದಿಂದ ವಾಸನೆ ಏಕೆ ಬರುತ್ತದೆ, ಅದನ್ನು ಬುಡದಿಂದ ತೆಗೆಯುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮುಲುಂಡ್)

ಸೋಪಿನ ನೀರಿಗೆ ಮೂತ್ರದ ಕಲೆ ಹೋಗುತ್ತದೆ, ಯೂರಿಯಾ ಕೂಡ ಕರಗಿ ಹೋಗುತ್ತದೆ. ಆದರೆ ಅದರಲ್ಲಿರುವ ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗದೆ, ಸಣ್ಣ ಹರಳುಗಳಾಗಿ ಬಟ್ಟೆಯ ಎಳೆಗಳಿಗೂ ಒಳಗಿನ ಫೋಮಿಗೂ ಅಂಟಿಕೊಂಡು ಉಳಿಯುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮುಂಬಯಿಯ ಗಾಳಿಯ ತೇವಾಂಶ ಶೇಕಡಾ 80ನ್ನು ದಾಟುವುದರಿಂದ ಆ ಉಳಿಕೆ ಮತ್ತೆ ಒದ್ದೆಯಾಗಿ, ಬ್ಯಾಕ್ಟೀರಿಯಾಗಳು ಚುರುಕಾಗಿ, ಘಾಟು ಏಳುತ್ತದೆ. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಅಮೈನೋ ಆಮ್ಲವೂ ಇದ್ದು, ಅದು ಒಡೆದಾಗ ಗಂಧಕ ಬೆರೆತ ವಾಸನೆ ಹೊಮ್ಮುತ್ತದೆ. ಸಂತಾನಹರಣ ಚಿಕಿತ್ಸೆ ಆಗದ ಗಂಡು ಬೆಕ್ಕುಗಳಲ್ಲಿ ಇದರ ಪ್ರಮಾಣ ಹೆಚ್ಚು.

ಇದಕ್ಕೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರನ್ನೇ, ಅಂದರೆ ಮೂತ್ರದ ಉಳಿಕೆಯನ್ನು ಒಡೆಯುವ ದ್ರವವನ್ನೇ, ಬಳಸಬೇಕು. ಮೊದಲು ಆ ಜಾಗವನ್ನು ಬರೀ ತಣ್ಣೀರಿನಿಂದ ತೊಳೆಯಿರಿ, ಏಕೆಂದರೆ ಸೋಪು ಅಥವಾ ಫಿನೈಲಿನ ಅಂಶ ಉಳಿದಿದ್ದರೆ ಎನ್‌ಜೈಮ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಳೆಯ ಟವೆಲನ್ನು ಮಡಿಸಿ ಅಂಗೈಯಿಂದ ಬಲವಾಗಿ ಒತ್ತಿ ನೀರನ್ನು ಹೀರಿಸಿ. ಉಜ್ಜಿದರೆ ಅದು ಇನ್ನೂ ಒಳಕ್ಕೆ ಇಳಿಯುತ್ತದೆ. ಮೇಲೆ ಅಂಗೈಯಗಲ ಕಾಣುವ ಕಲೆ ಫೋಮಿನೊಳಗೆ ಅದಕ್ಕಿಂತ ಅಗಲಕ್ಕೆ ಹರಡಿರುವುದರಿಂದ, ಕ್ಲೀನರನ್ನು ಸಿಂಪಡಿಸಿದರೆ ಸಾಲದು. ಮೂತ್ರ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಆಳಕ್ಕೆ ಇಳಿಯುವಂತೆ ಸುರಿದು, ಬೇಗ ಆರದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಬಾಟಲಿಯ ಮೇಲೆ ಬರೆದಿರುವಷ್ಟು ಹೊತ್ತು ಬಿಡಬೇಕು. ಆಮೇಲೆ ಹಾಳೆ ತೆಗೆದು, ಮುಟ್ಟಿದರೆ ತಂಪು ಹತ್ತದಷ್ಟು ಒಣಗುವವರೆಗೆ ಫ್ಯಾನಿನ ಗಾಳಿ ಬಿಡಿ. ಹಳೆಯ ಕಲೆಗೆ ಇದನ್ನು ಮತ್ತೊಮ್ಮೆ ಮಾಡಬೇಕಾಗಬಹುದು. ಬೇರೆ ಕಡೆಯೂ ಕಲೆ ಇದೆಯೇ ಎಂದು ನೋಡಲು ರಾತ್ರಿ ದೀಪ ಆರಿಸಿ ಅಲ್ಟ್ರಾವಯೊಲೆಟ್ ಟಾರ್ಚ್ ಹಾಯಿಸಿ. ಒಣಗಿದ ಮೂತ್ರ ಮಸುಕು ಹಳದಿಯಾಗಿ ಹೊಳೆಯುತ್ತದೆ. ಬಿಸಿಯಾವಿಯ ಯಂತ್ರ ಬೇಡವೇ ಬೇಡ, ಶಾಖಕ್ಕೆ ಕಲೆ ಗಟ್ಟಿಯಾಗಿ ಕೂರುತ್ತದೆ.

ಉತ್ತರ (ಪಶುವೈದ್ಯೆ, ಠಾಣೆ)

ಮೇಲಿನವರು ಹೇಳಿದ್ದು ಸರಿಯಾಗಿದೆ. ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ಫಿನೈಲ್. ಅದರಲ್ಲಿರಬಹುದಾದ ಫೀನಾಲ್‌ನಂಥ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಪಂಜವನ್ನು ನೆಕ್ಕಿಕೊಂಡರೆ ವಿಷ ನೇರವಾಗಿ ಹೊಟ್ಟೆಗೆ ಹೋಗುತ್ತದೆ. ಕರ್ಪೂರ, ನುಸಿಗುಳಿಗೆ, ಟೀ ಟ್ರೀ ಎಣ್ಣೆಯಂಥವೂ ಪ್ರಾಣಿಗಳಿಗೆ ಅಪಾಯಕಾರಿ. ಮೂತ್ರದ ಮೇಲೆ ಬ್ಲೀಚ್ ಸುರಿದರೆ ಅಮೋನಿಯದೊಂದಿಗೆ ಸೇರಿ ಕ್ಲೋರಮೈನ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ಮನುಷ್ಯರ ಶ್ವಾಸಕೋಶಕ್ಕೂ ಕೆಡುಕು. ಅತ್ತೆಯವರ ಶುಚಿತ್ವದ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೆ ದಿನದ ಒರೆಸುವಿಕೆಗೆ ಬಿಸಿನೀರಿನಲ್ಲಿ ಕೊಂಚ ಪಾತ್ರೆ ತೊಳೆಯುವ ದ್ರವ ಬೆರೆಸಿದರೆ ಸಾಕು ಎಂದು ಅವರಿಗೆ ದಯವಿಟ್ಟು ತಿಳಿಸಿ ಹೇಳಿ.

ಬೆಕ್ಕು ಸೋಫಾಕ್ಕೆ ಏಕೆ ಹೋಗುತ್ತದೆ ಎಂಬುದನ್ನೂ ನೋಡಬೇಕು. ಅನೇಕರು ಬೆಕ್ಕಿನ ಮಲಮೂತ್ರಕ್ಕೆಂದು ಇಡುವ ಮರಳಿನ ತಟ್ಟೆಯನ್ನು ಕಿಟಕಿಯ ಗ್ರಿಲ್ಲಿನೊಳಗೆ ಇಡುತ್ತಾರೆ. ಮಳೆಯ ಎರಚಲಿಗೆ ಮರಳು ಒದ್ದೆಯಾದರೆ ಬೆಕ್ಕು ಅದನ್ನು ತುಳಿಯಲು ಒಪ್ಪುವುದಿಲ್ಲ. ತಟ್ಟೆಯನ್ನು ಒಳಗಿಟ್ಟು, ದಿನಕ್ಕೆರಡು ಸಲ ಗಡ್ಡೆಗಳನ್ನು ತೆಗೆಯಿರಿ. ಒಂದೇ ಬೆಕ್ಕಿದ್ದರೂ ಎರಡು ತಟ್ಟೆಗಳಿರುವುದು ಒಳ್ಳೆಯದು. ಸಂತಾನಹರಣ ಚಿಕಿತ್ಸೆ ಆಗಿಲ್ಲದಿದ್ದರೆ ಮಾಡಿಸಿ, ಮೂತ್ರದಿಂದ ಗುರುತು ಹಾಕುವ ಚಾಳಿ ಬಹುಪಾಲು ಬೆಕ್ಕುಗಳಲ್ಲಿ ಇಳಿಯುತ್ತದೆ. ಗಂಡು ಬೆಕ್ಕು ಪದೇ ಪದೇ ಕುಳಿತೂ ಮೂತ್ರ ಬಾರದೆ ಮುಕ್ಕಿರಿಯುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಆಗ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಪರೇಲಿನಲ್ಲಿ ಬಾಯಿ ಸಾಕರ್‌ಬಾಯಿ ಪ್ರಾಣಿ ಆಸ್ಪತ್ರೆ ಇದೆ, ಆದರೆ ಡೊಂಬಿವಲಿಯಿಂದ ಅದು ದೂರ, ತುರ್ತಿಗೆ ಹತ್ತಿರದ ವೈದ್ಯರೇ ಲೇಸು.

ಉತ್ತರ (ಮಾಟುಂಗಾ)

ನಾಯಿಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮಳೆಯಲ್ಲಿ ತಿರುಗಾಡಿ ಬಂದೊಡನೆ ಬೆರಳುಗಳ ಸಂದು, ಹೊಟ್ಟೆಯ ಕೆಳಭಾಗ ಮತ್ತು ಕಿವಿಯ ಹಿಂಭಾಗವನ್ನು ಒಣಬಟ್ಟೆಯಿಂದ ಚೆನ್ನಾಗಿ ಒರೆಸಬೇಕು. ಕೊರಳಪಟ್ಟಿಯನ್ನು ಒಮ್ಮೆ ಬಿಚ್ಚಿ ಮೂಸಿ ನೋಡಿ; ನಾಯಿಗೆ ಎಷ್ಟು ಸ್ನಾನ ಮಾಡಿಸಿದರೂ ಹೋಗದ ವಾಸನೆ ಎಷ್ಟೋ ಸಲ ಅಲ್ಲೇ ಇರುತ್ತದೆ. ವಯಸ್ಸಾದ ನಾಯಿಯಾದ್ದರಿಂದ ಬಾಯಿ ಮತ್ತು ಕಿವಿಯನ್ನು ವೈದ್ಯರಿಗೆ ತೋರಿಸಿ. ನಿಂತ ಮಳೆನೀರಿನಲ್ಲಿ ಇಳಿಯಲು ಬಿಡಬೇಡಿ, ಇಲಿಜ್ವರದ ಲಸಿಕೆಯನ್ನೂ ತಪ್ಪಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಫಿನೈಲ್ ಬಾಟಲಿಯನ್ನು ಇಂದೇ ಮನೆಯಿಂದ ಆಚೆ ಕಳಿಸುತ್ತೇನೆ, ಅತ್ತೆಯವರಿಗೂ ವೈದ್ಯರ ಮಾತನ್ನು ಓದಿ ಹೇಳಿದೆ. ನೆಲಕ್ಕೆ ವಿನೆಗರ್ ಬಳಸಬಹುದೇ? ನಮ್ಮದು ಕೋಟಾ ಕಲ್ಲು.

ಉತ್ತರ (ಮುಲುಂಡ್)

ಬೇಡ. ಕೋಟಾ ಕಲ್ಲು ಸುಣ್ಣಕಲ್ಲಿನ ಜಾತಿಯದು, ಅಮೃತಶಿಲೆಯಂತೆ ಅದೂ ಆಮ್ಲಕ್ಕೆ ಸವೆದು ಹೊಳಪು ಕಳೆದುಕೊಳ್ಳುತ್ತದೆ. ನಾಯಿಯ ಹಾಸಿಗೆಯ ಹೊದಿಕೆ ಒಗೆಯುವಾಗ ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿಕೊಳ್ಳಿ. ನೆಲಕ್ಕೆ ಎನ್‌ಜೈಮ್ ಕ್ಲೀನರೇ ಸಾಕು, ಕಲ್ಲುಗಳ ನಡುವಿನ ಸಿಮೆಂಟಿನ ಸಂದಿಗೆ ಮಾತ್ರ ಸ್ವಲ್ಪ ಹೆಚ್ಚಾಗಿ ಸುರಿಯಿರಿ.