ಬಿದಿರಿನ ಸ್ನೋಬೋರ್ಡ್: ಮೇಲಿನ ಹಾಳೆ ಏಳುತ್ತಿದೆ, ತಳ ಉಬ್ಬಿದೆ. ಸೂಜಿಯಿಂದ ಎಪಾಕ್ಸಿ ತುಂಬಿದರೆ ಸಾಕೇ?

ಸೋನೆಮಳೆ (ಸಿಯಾಟಲ್)

ಎಲ್ಲರಿಗೂ ನಮಸ್ಕಾರ. ಸಿಯಾಟಲ್ ಪಕ್ಕದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಒಂದು ಸ್ನೋಬೋರ್ಡ್, ಅಂದರೆ ಹಿಮದ ಮೇಲೆ ನಿಂತು ಜಾರುವ ಹಲಗೆ, ಕಟ್ಟಿದ್ದೇನೆ. ತಳದ ಪ್ಲಾಸ್ಟಿಕ್, ಉಕ್ಕಿನ ಅಂಚು ಇವುಗಳನ್ನು ಬಿಟ್ಟರೆ ಉಳಿದದ್ದು ಆದಷ್ಟೂ ಗಿಡಗಳಿಂದಲೇ ಬರಬೇಕು ಎಂಬುದು ನನ್ನ ಹಟ. ಬೋರ್ಡುಗಳಿಗೆ ಸಾಮಾನ್ಯವಾಗಿ ಬಳಸುವ ಗಾಜಿನ ನಾರನ್ನು ಉಜ್ಜುವಾಗ ಮೈಗೆಲ್ಲ ಅಂಟಿಕೊಳ್ಳುವ ಆ ತುರಿಕೆಯ ಪುಡಿ ನನಗೆ ಬೇಡವೇ ಬೇಡ.

ಉದ್ದ 158 ಸೆಂ.ಮೀ., ನಡುವಿನ ಅಗಲ 25 ಸೆಂ.ಮೀ. ಕೆಳಗಿನಿಂದ ಮೇಲಕ್ಕೆ ಹೇಳುವುದಾದರೆ: 1.2 ಮಿ.ಮೀ. ದಪ್ಪದ ಪಾಲಿಎಥಿಲೀನ್ ತಳ ಮತ್ತು ಉಕ್ಕಿನ ಅಂಚು, ಅಂಚಿನ ಮೇಲೆ ತೆಳುವಾದ ರಬ್ಬರ್ ಪಟ್ಟಿ, ಅಗಸೆ ನಾರಿನ ಬಟ್ಟೆ, ಬಿದಿರಿನ ತಿರುಳು, ಅಂದರೆ ಬೋರ್ಡಿನ ನಡುಪದರ (ನಡುವೆ 7 ಮಿ.ಮೀ., ತುದಿಗಳಲ್ಲಿ 2 ಮಿ.ಮೀ.), ಮತ್ತೆ ಅಗಸೆ ಬಟ್ಟೆ, ಎಲ್ಲಕ್ಕೂ ಮೇಲೆ 1.5 ಮಿ.ಮೀ. ದಪ್ಪದ ಬಿದಿರಿನ ಹಾಳೆ. ಬಿದಿರು ಚೀನಾದ ಮೋಸೊ ಜಾತಿಯದು, ಹಲಗೆಯಾಗಿ ಸಿಗುವುದನ್ನು ಕೊಂಡು ಸೀಳಿ ಜೋಡಿಸಿದೆ. ಅಂಟು, ಸಸ್ಯಮೂಲದ ಅಂಶವಿರುವ ಎಪಾಕ್ಸಿ. ನವೆಂಬರಿನಲ್ಲಿ ಗ್ಯಾರೇಜ್ 12ರಿಂದ 14 ಡಿಗ್ರಿಯಷ್ಟಿತ್ತು. ಹೊರಗೆ ಮಳೆ ಬಿಟ್ಟೇ ಇರಲಿಲ್ಲ. ಮೇಲಿನ ಅಗಸೆ ಬಟ್ಟೆಯವರೆಗೆ ಒಂದೇ ಸಲಕ್ಕೆ ವ್ಯಾಕ್ಯೂಮ್ ಚೀಲದಲ್ಲಿಟ್ಟು, ಒಳಗಿನ ಗಾಳಿ ಎಳೆದು ಒತ್ತಿದೆ. ಅದು ಗಟ್ಟಿಯಾದ ಬಳಿಕ ಉಪ್ಪುಕಾಗದದಿಂದ ಉಜ್ಜಿ, ಬಿದಿರಿನ ಹಾಳೆಯನ್ನು ಬೇರೆಯಾಗಿ ಅಂಟಿಸಿದೆ.

ಅಚ್ಚಿನಿಂದ ತೆಗೆದಾಗ ಬೋರ್ಡು ನೇರವಾಗಿತ್ತು. ನೋಡಲು ಚೆಂದವಿತ್ತೆಂದು ಅದನ್ನು ಹೀಟರ್ ಓಡುವ ನಡುಮನೆಯಲ್ಲೇ ನಿಲ್ಲಿಸಿದ್ದೆ. ಈಗ ಬೋರ್ಡಿನ ಮೂಗಿನ (ಮುಂತುದಿಯ) ಕಡೆ ಮೇಲಿನ ಹಾಳೆ ಗೇಣುದ್ದ ಎದ್ದಿದೆ. ತಳದ ಮೇಲೆ ಉಕ್ಕಿನ ಪಟ್ಟಿ ಅಡ್ಡ ಇಟ್ಟರೆ ನಡುವೆ ತಾಗಿ ಅತ್ತಿತ್ತ ತೂಗುತ್ತದೆ. ಎರಡೂ ಅಂಚುಗಳ ಬಳಿ ಸುಮಾರು ಮುಕ್ಕಾಲು ಮಿ.ಮೀ. ಸಂದು. ಸ್ನೋಕ್ವಾಲ್ಮಿ ಕಣಿವೆಯ ಗಟ್ಟಿ ಹಿಮದ ಮೇಲೆ ಅಂಚು ಕಚ್ಚುವುದೇ ಇಲ್ಲ, ಬೋರ್ಡು ಅಡ್ಡಡ್ಡ ಜಾರುತ್ತದೆ.

ಸಣ್ಣ ತೂತು ಕೊರೆದು ಸೂಜಿಯಿಂದ ಎಪಾಕ್ಸಿ ತುಂಬಿ ಕ್ಲಾಂಪ್ ಹಾಕಿದರೆ ಸರಿಹೋಗುತ್ತದೆಯೇ?

ಪದರಪದರ (ಮ್ಯೂನಿಕ್)

ಸೂಜಿಯನ್ನು ಈಗಲೇ ಎತ್ತಬೇಡಿ. ಬಿಟ್ಟುಹೋದ ಮುಖ ಯಾಕೆ ಬಿಟ್ಟಿತೆಂದು ತಿಳಿಯದೆ ಅದರ ಮೇಲೆಯೇ ಹೊಸ ಅಂಟು ಹಾಕಿದರೆ ಅದೂ ಬಿಡುತ್ತದೆ. ಮೊದಲು ಎರಡು ಕೆಲಸ ಮಾಡಿ.

ಎದ್ದಿರುವ ಹಾಳೆಯನ್ನು ಇನ್ನಷ್ಟು ಬಿಡಿಸಿ, ಎರಡೂ ಮುಖಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿ. ಬಿದಿರಿನ ನಾರು ಹರಿದು ಎಪಾಕ್ಸಿಗೆ ಅಂಟಿಕೊಂಡಿದ್ದರೆ ಅಂಟಿನ ತಪ್ಪಿಲ್ಲ, ಬಿದಿರೇ ಸೋತಿದೆ. ಬಿದಿರಿನ ಮೈ ಬರಿದಾಗಿ ನುಣುಪಾಗಿ ಹೊಳೆಯುತ್ತಿದ್ದರೆ ಅಂಟು ಬಿದಿರನ್ನು ಹಿಡಿದೇ ಇಲ್ಲ. ಅಗಸೆಯ ಎಳೆಗಳು ಒಣಗಿ ಜುಂಗುಜುಂಗಾಗಿ ಕಂಡರೆ ಎಪಾಕ್ಸಿ ಸಾಲದೆ ಹೋಗಿದೆ. ಎಪಾಕ್ಸಿ ಹಾಲಿನಂತೆ ಬೆಳ್ಳಗಾಗಿ ಗುಳ್ಳೆ ಕಟ್ಟಿದ್ದರೆ ಬಟ್ಟೆಯಲ್ಲಿ ನೀರಿನ ಪಸೆ ಇತ್ತು.

ಎರಡನೆಯದು, ಆ ಗ್ಯಾರೇಜಿನಲ್ಲಿಯೇ ಉಳಿದಿರುವ ಬಿದಿರಿನ ತುಂಡೊಂದನ್ನು ತೂಗಿ, ಓವನ್ನಿನಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಮತ್ತೆ ತೂಗಿ. ಇಳಿದ ತೂಕವನ್ನು ಒಣ ತೂಕದಿಂದ ಭಾಗಿಸಿದರೆ ತೇವಾಂಶ ಸಿಗುತ್ತದೆ. ಮರಕ್ಕೆ ಚುಚ್ಚಿ ನೋಡುವ ಮೀಟರನ್ನು ಇಲ್ಲಿ ನಂಬಬೇಡಿ; ಅದರ ಅಳತೆಪಟ್ಟಿ ಮರದ ಜಾತಿಗಳಿಗೆ ಹೊಂದಿಸಿದ್ದು, ಬಿದಿರಿಗಲ್ಲ.

ಸೋನೆಮಳೆ (ಸಿಯಾಟಲ್)

ನೋಡಿದೆ. ಬಿದಿರಿನ ಹಾಳೆಯ ಹಿಂಬದಿಯಲ್ಲಿ ಎಪಾಕ್ಸಿ ಪೂರ್ತಿ ಹಿಡಿದುಕೊಂಡಿದೆ. ಬಿಟ್ಟಿರುವುದು ಆ ಎಪಾಕ್ಸಿಗೂ ಕೆಳಗಿನ ಪದರದ ಹಳೆಯ ಎಪಾಕ್ಸಿಗೂ ನಡುವೆ. ಎರಡೂ ಮುಖ ಹೊಳೆಯುತ್ತಿವೆ. ಕೆಳಗಿನದನ್ನು ಬೆರಳಿನಿಂದ ಮುಟ್ಟಿದರೆ ಅಲ್ಲಲ್ಲಿ ಮೇಣ ಸವರಿದ ಹಾಗೆ ಜಿಡ್ಡು. ಉಪ್ಪುಕಾಗದದ ಗೀರುಗಳು ಕಾಣುತ್ತವೆ, ಆದರೆ ಗೀರಿನೊಳಗೂ ಅದೇ ಜಿಡ್ಡಿದೆ.

ತುಂಡು 54.2 ಗ್ರಾಂ ಇದ್ದದ್ದು 47.1ಕ್ಕೆ ಇಳಿದು ನಿಂತಿತು. ಅಂದರೆ ಶೇ. 15.

ಪದರಪದರ (ಮ್ಯೂನಿಕ್)

ಹಾಗಾದರೆ ನಿಮ್ಮ ಬೋರ್ಡಿನಲ್ಲಿ ಒಂದಲ್ಲ, ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಹಾಳೆ ಎದ್ದದ್ದಕ್ಕೆ ಕಾರಣ ಆ ಜಿಡ್ಡು. ಎಪಾಕ್ಸಿಯನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡನರಿನಲ್ಲಿ ಅಮೈನ್ ಎಂಬ ರಾಸಾಯನಿಕವಿರುತ್ತದೆ. ಗಾಳಿ ತಣ್ಣಗಿದ್ದು ತೇವವಾಗಿದ್ದರೆ, ಎಪಾಕ್ಸಿ ನಿಧಾನವಾಗಿ ಗಟ್ಟಿಯಾಗುವ ಹೊತ್ತಿನಲ್ಲಿ ಈ ಅಮೈನ್ ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿಯೊಂದಿಗೆ ಸೇರಿ ಮೇಲ್ಮೈಯಲ್ಲಿ ಮೇಣದಂತಹ ಪೊರೆ ಕಟ್ಟುತ್ತದೆ. 12 ಡಿಗ್ರಿ, ಸುರಿಯುವ ಮಳೆ: ಇದಕ್ಕಿಂತ ಅನುಕೂಲವಾದ ಹವೆ ಆ ಪೊರೆಗೆ ಬೇಕಿಲ್ಲ. ಅದು ನೀರಿನಲ್ಲಿ ಕರಗುತ್ತದೆ, ಉಜ್ಜಿದರೆ ಹೋಗುವುದಿಲ್ಲ. ತೊಳೆಯದೆ ಉಜ್ಜಿದರೆ ಉಪ್ಪುಕಾಗದವೇ ಅದನ್ನು ಗೀರುಗಳೊಳಗೆ ತುಂಬುತ್ತದೆ, ನೀವು ಕಂಡದ್ದು ಅದನ್ನೇ. ಮೊದಲು ಬೆಚ್ಚಗಿನ ಬರಿ ನೀರು ಮತ್ತು ಒರಟು ಸ್ಕ್ರಬ್ಬರಿನಿಂದ ತೊಳೆಯಬೇಕು, ನೀರು ಆರುವ ಮೊದಲೇ ಸ್ವಚ್ಛ ಬಟ್ಟೆಯಿಂದ ಒರೆಸಬೇಕು, ಪೂರ್ತಿ ಒಣಗಿದ ಮೇಲೆ 80ನೇ ನಂಬರಿನ ಉಪ್ಪುಕಾಗದದಿಂದ ಹೊಳಪು ಹೋಗುವ ತನಕ ಉಜ್ಜಬೇಕು. ಮುಂದಿನ ಬೋರ್ಡಿಗಾದರೆ ಇನ್ನೂ ಸುಲಭ: ಮೊದಲ ಹಂತದಲ್ಲಿ ಅಗಸೆಯ ಮೇಲೆ ಅಂಟದ ನೈಲಾನ್ ಬಟ್ಟೆ ಹಾಸಿ ಒತ್ತಿ, ಎರಡನೇ ಹಂತಕ್ಕೆ ತೊಡಗುವಾಗ ಅದನ್ನು ಕಿತ್ತುಬಿಡಿ. ಪೊರೆ ಬಟ್ಟೆಯ ಜೊತೆಗೇ ಹೋಗುತ್ತದೆ, ಕೆಳಗೆ ಒರಟಾದ ಹೊಸ ಮೈ ಸಿಗುತ್ತದೆ. ಅಥವಾ ಎಲ್ಲ ಪದರಗಳನ್ನೂ ಒಂದೇ ಸಲಕ್ಕೆ ಒತ್ತಿ. ನನ್ನ ಒಲವು ಅದಕ್ಕೇ.

ಇನ್ನು ಉಬ್ಬಿದ ತಳ. ತಳದ ಆಕಾರವೇ ಕಾರಣವನ್ನು ತೋರಿಸುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಸಿ ಪ್ರೆಸ್ಸಿನಲ್ಲಿ ಸುಮಾರು 80 ಡಿಗ್ರಿಯಲ್ಲಿ ಒತ್ತಿದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಉಲ್ಟಾ ತೊಂದರೆ ಬರುತ್ತದೆ. ಆರುವಾಗ ಪಾಲಿಎಥಿಲೀನ್ ಉಕ್ಕಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ತಳ ಒಳಕ್ಕೆ ಎಳೆದು ಅಂಚುಗಳು ಕೆಳಗೆ ಬಾಗುತ್ತವೆ. ಅಂಥ ಬೋರ್ಡು ಬೇಡದ ಕಡೆಯಲ್ಲೆಲ್ಲ ಕಚ್ಚಿ ಬೀಳಿಸುತ್ತದೆ. ನಿಮ್ಮದು ಬಿಸಿಯಿಲ್ಲದೆ ಒತ್ತಿದ್ದು, ಅಂಚುಗಳು ಮೇಲಕ್ಕೆ ಹೋಗಿವೆ. ಅಂದರೆ ಕುಗ್ಗಿದ್ದು ತಳವಲ್ಲ, ಅದರ ಮೇಲಿರುವುದು.

ಹೊರಗಿನ ತೇವ ಶೇ. 80ರಷ್ಟಿರುವ ಕಡೆ ಮರವಾಗಲಿ ಬಿದಿರಾಗಲಿ ಶೇ. 15–16ರಷ್ಟು ನೀರು ಹಿಡಿದುಕೊಳ್ಳುತ್ತದೆ. ಹೀಟರ್ ಓಡುವ ಮನೆಯೊಳಗೆ ಅದು ಶೇ. 7–8ಕ್ಕೆ ಇಳಿಯುತ್ತದೆ. ಬಿದಿರು ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ, ಅಡ್ಡಕ್ಕೆ ಮಾತ್ರ ಕುಗ್ಗುತ್ತದೆ. ತೇವ ಶೇ. 1 ಇಳಿದರೆ ಅಗಲ ಸುಮಾರು ಶೇ. 0.15 ಇಳಿಯುತ್ತದೆ ಎಂದು ಹಿಡಿದರೂ, 25 ಸೆಂ.ಮೀ. ಅಗಲದಲ್ಲಿ ಎರಡೂವರೆ ಮಿ.ಮೀ. ಆಯಿತು. ಕೆಳಗಿನ ಪಾಲಿಎಥಿಲೀನ್ ನೀರನ್ನು ಹೀರುವುದೂ ಇಲ್ಲ, ಬಿಡುವುದೂ ಇಲ್ಲ. ಅಗಸೆ ಬಟ್ಟೆ ಸಾಕಷ್ಟು ತಡೆದು ಹಿಡಿದಿದೆ, ಉಳಿದ ಎಳೆತ ಬೋರ್ಡನ್ನು ಬಗ್ಗಿಸಿದೆ. ಮೇಲೆ 1.5 ಮಿ.ಮೀ. ಬಿದಿರು ಇಟ್ಟು ಕೆಳಗೆ ಅದಕ್ಕೆ ಜೋಡಿ ಏನೂ ಇಡದಿರುವುದರಿಂದ ಎಳೆತವೆಲ್ಲ ಒಂದೇ ಕಡೆಗೆ.

ತಳವನ್ನು ಅಂಗಡಿಯಲ್ಲಿ ಕಲ್ಲಿನ ಯಂತ್ರಕ್ಕೆ ಕೊಟ್ಟು ಸಮ ಮಾಡಿಸುವ ಯೋಚನೆ ಬಂದರೆ ಬಿಟ್ಟುಬಿಡಿ. 1.2 ಮಿ.ಮೀ. ತಳದಲ್ಲಿ ಮುಕ್ಕಾಲು ಮಿ.ಮೀ. ತೆಗೆದರೆ ನಡುವೆ ಏನು ಉಳಿಯುತ್ತದೆ? ಮೇಲಿನ ಹಾಳೆ ಹೇಗೂ ಏಳುತ್ತಿದೆಯಲ್ಲ, ಪೂರ್ತಿ ಬಿಡಿಸಿ. ಆ ಒಂದರಿಂದಲೇ ಉಬ್ಬು ಸ್ವಲ್ಪ ಇಳಿಯಬೇಕು. ಆಮೇಲೆ ಬೋರ್ಡನ್ನು ಹೀಟರಿನಿಂದ ದೂರ, ಸಾಧಾರಣ ತೇವವಿರುವ ಕೋಣೆಯಲ್ಲಿ ಮಲಗಿಸಿ, ವಾರಕ್ಕೊಮ್ಮೆ ಪಟ್ಟಿ ಇಟ್ಟು ನೋಡಿ. ಆಕಾರ ಬದಲಾಗುವುದು ನಿಂತ ಮೇಲೆ 0.6 ಮಿ.ಮೀ. ಬಿದಿರಿನ ತೆಳು ಹಾಳೆಯನ್ನು, ಅದನ್ನೂ ಅದೇ ಕೋಣೆಯಲ್ಲಿ ಹದಕ್ಕೆ ತಂದು, ತಳವನ್ನು ಅಚ್ಚಿಗೆ ಒತ್ತಿಹಿಡಿದು ಅಂಟಿಸಿ. ಒತ್ತಡದ ಬಗ್ಗೆ ಚಿಂತೆ ಬೇಡ. ಚೀಲದಲ್ಲಿ ಪೂರ್ತಿ ಗಾಳಿ ಎಳೆದರೆ ನಿಮ್ಮ ಬೋರ್ಡಿನಷ್ಟು ಜಾಗದ ಮೇಲೆ ನಾಲ್ಕು ಟನ್ನಿನ ಭಾರ ಕೂರುತ್ತದೆ.

ತೇವದ ವಿಚಾರದಲ್ಲಿ ಅಗಸೆಗೂ ಇದೇ ಮಾತು. ಅದು ಗಾಜಿನ ನಾರಿಗಿಂತ ಬಹಳ ಹಗುರ, ನಡುಕವನ್ನು ಚೆನ್ನಾಗಿ ನುಂಗುತ್ತದೆ. ಸ್ವಿಟ್ಜರ್ಲೆಂಡಿನ ಬಿಕಾಂಪ್ ಕಂಪನಿ 2011ರಲ್ಲಿ ಹುಟ್ಟಿದ್ದೇ ಸ್ಕೀಗಳಿಗೆ ಅಗಸೆಯ ತಿರುಳು ಮಾಡಲು. ಆದರೆ ಗಾಜು ನೀರು ಕುಡಿಯುವುದಿಲ್ಲ, ಅಗಸೆ ಕುಡಿಯುತ್ತದೆ. ಬಟ್ಟೆಯನ್ನು ಓವನ್ನಿನಲ್ಲಿ 80 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ, ತೆಗೆದ ಕೂಡಲೇ ಎಪಾಕ್ಸಿ ಹಚ್ಚಿ. ಹೊರಗೆ ಬಿಟ್ಟರೆ ಮತ್ತೆ ತೇವ ಎಳೆದುಕೊಳ್ಳುತ್ತದೆ.

ಮೆಳೆಬದಿ (ತೀರ್ಥಹಳ್ಳಿ)

ಹಿಮದ ಮೇಲೆ ನಾನು ಕಾಲಿಟ್ಟವನಲ್ಲ, ಬಿದಿರಿನ ಕೆಲಸ ಮಾತ್ರ ಬಲ್ಲೆ. ಇನ್ನೆರಡು ಸಂಗತಿ ನೋಡಿಕೊಳ್ಳಿ.

ಬಿದಿರಿನ ಹೊರಸಿಪ್ಪೆಯಲ್ಲಿ ಮೇಣವೂ ಸಿಲಿಕಾವೂ ಇರುತ್ತವೆ. ಅಂಟು ಅಲ್ಲಿ ನಿಲ್ಲುವುದಿಲ್ಲ. ಒಳಗಿನ ತೆಳು ಪೊರೆಯೂ ಹಾಗೆಯೇ. ದಬ್ಬೆಯ ಎರಡೂ ಮುಖಗಳನ್ನು ಕೀಸುಳಿಯಿಂದ ಕೀಸಿ, ಒಂದು ಹನಿ ನೀರು ಬಿಟ್ಟು ನೋಡಿ: ಮುತ್ತಿನಂತೆ ನಿಂತರೆ ಇನ್ನೂ ಕೀಸಬೇಕು, ಹರಡಿ ಇಂಗಿದರೆ ಸಾಕು. ಆದರೆ ಅತಿಯಾಗಿ ಕೀಸಬೇಡಿ. ಗಟ್ಟಿ ನಾರು ದಟ್ಟವಾಗಿರುವುದು ಸಿಪ್ಪೆಯ ಒಳಮಗ್ಗುಲಲ್ಲೇ. ಒಳಕ್ಕೆ ಹೋದಷ್ಟೂ ಮೆತ್ತಗೆ. ಬುಟ್ಟಿ ಹೆಣೆಯುವ ಮೇದಾರರು ಹೊರಗಿನ ಸೀಳನ್ನು ಬೇರೆಯಾಗಿ ತೆಗೆದಿಡುವುದು ಸುಮ್ಮನೆ ಅಲ್ಲ.

ಗೆಣ್ಣುಗಳು ಒಂದೇ ಸಾಲಿಗೆ ಬಾರದಂತೆ ಜೋಡಿಸಿದ್ದೀರಾ? ಗೆಣ್ಣಿನಲ್ಲಿ ನಾರು ನೇರ ಓಡುವುದಿಲ್ಲ, ಸುತ್ತಿ ತಿರುಗುತ್ತದೆ. ಪಕ್ಕಪಕ್ಕದ ದಬ್ಬೆಗಳ ಗೆಣ್ಣು ಒಂದೇ ಗೆರೆಯಲ್ಲಿ ಬಿದ್ದರೆ ಬಾಗಿದಾಗ ಬೋರ್ಡು ಅಲ್ಲಿಯೇ ಮುರಿಯುತ್ತದೆ. ಕಂದು ಬಣ್ಣ ಬರುವಂತೆ ಹಬೆಯಲ್ಲಿ ಬೇಯಿಸಿದ ಹಲಗೆ ಬಳಸಿದ್ದರೆ ಅದು ಬಿಳಿಯದಕ್ಕಿಂತ ಮೆದು ಎಂಬುದೂ ನೆನಪಿರಲಿ.

ಹಿಮಗಿರಿ (ಬೆಂಗಳೂರು)

ಪ್ರತಿ ಚಳಿಗಾಲ ಗುಲ್ಮಾರ್ಗಿಗೆ ಹೋಗುವ ಬಳಗ ನಮ್ಮದು. ನಮ್ಮ ಕಾಡಿನ ಬಿದಿರಿನಿಂದ ತಿರುಳು ಮಾಡಿ, ಅಗಸೆ ಬಟ್ಟೆ ಇಲ್ಲಿ ಸುಲಭವಾಗಿ ಸಿಗದ ಕಾರಣ ಗೋಣಿ ಬಟ್ಟೆ ಹಾಕಬಹುದೇ? ಉತ್ತರ ಕರ್ನಾಟಕದಲ್ಲಿ ಅಗಸೆ ಬೆಳೆಯುತ್ತಾರಲ್ಲ, ಅದರ ನಾರು ಬರುತ್ತದೆಯೇ?

ಪದರಪದರ (ಮ್ಯೂನಿಕ್)

ಗೋಣಿ ಬೇಡ. ಸೆಣಬಿನ ನಾರು ಕೆಟ್ಟದ್ದಲ್ಲ, ಆದರೆ ಗಿರಣಿಯಲ್ಲಿ ನೂಲುವ ಮುನ್ನ ಅದಕ್ಕೆ ಎಣ್ಣೆ ಹಾಕಿ ಮೆದು ಮಾಡಿರುತ್ತಾರೆ. ಎಣ್ಣೆಯ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ. ಅದಲ್ಲದೆ ಗೋಣಿಯ ನೂಲು ಬಿಗಿಯಾಗಿ ಹೊಸೆದದ್ದು, ನೇಯ್ಗೆಯಲ್ಲಿ ಡೊಂಕಾಗಿ ಓಡುವಂಥದ್ದು. ನಾರು ನೇರವಾಗಿದ್ದಾಗಲೇ ಪೂರ್ತಿ ಬಲ ಕೊಡುತ್ತದೆ. ಬೋರ್ಡಿಗೆ ಬೇಕಾದದ್ದು ಹೊಸೆಯದ, ಪಕ್ಕಪಕ್ಕದಲ್ಲಿ ಮಲಗಿಸಿ ಹೊಲಿದ ಬಟ್ಟೆ.

ಅಲ್ಲಿ ಬೆಳೆಯುವ ಅಗಸೆ ಬೀಜಕ್ಕಾಗಿ. ಆ ತಳಿ ಗಿಡ್ಡ, ಕವಲು ಹೆಚ್ಚು. ನಾರಿನ ತಳಿ ಎತ್ತರಕ್ಕೆ ಒಂದೇ ಕಡ್ಡಿಯಾಗಿ ಬೆಳೆಯುತ್ತದೆ. ನಾರ್ಮಂಡಿಯಿಂದ ಬೆಲ್ಜಿಯಂ ತನಕದ ಕರಾವಳಿಯ ತಂಪು ಹವೆ ಅದಕ್ಕೆ ಒಗ್ಗಿದೆ.

ಮೆಳೆಬದಿ (ತೀರ್ಥಹಳ್ಳಿ)

ಬಿದಿರಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಮುಳ್ಳಿರುವ ಹೆಬ್ಬಿದಿರು ಬೇಡ, ಅದರಲ್ಲಿ ನೇರವಾದ ದಬ್ಬೆ ತೆಗೆಯುವುದೇ ಸಾಹಸ. ಒಳಗೆ ಪೊಳ್ಳು ಕಡಿಮೆ ಇರುವ ಗಟ್ಟಿ ಜಾತಿಯದನ್ನು, ಬಲಿತ ಗಳವನ್ನೇ ಆರಿಸಿ. ಎಳೆಯ ಗಳದಲ್ಲಿ ನೀರು ಹೆಚ್ಚು, ಒಣಗಿದರೆ ಸುಕ್ಕಾಗುತ್ತದೆ. ಬಿದಿರಿನ ಪಿಷ್ಟಕ್ಕೆ ಕುಟ್ಟೆಹುಳು ಬರುತ್ತದೆಂದು ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ನೀರಿನಲ್ಲಿ ನೆನೆಸುತ್ತೇವೆ. ಹಾಗೆ ನೆನೆಸಿದ ದಬ್ಬೆ ಒಣಗಿದಾಗ ಮೈಮೇಲೆ ಬಿಳಿ ಪುಡಿ ಕೂರುತ್ತದೆ. ಅದನ್ನು ಕೀಸಿ ತೆಗೆದೇ ಅಂಟಿಸಿ.

ಪದರಪದರ (ಮ್ಯೂನಿಕ್)

ಇನ್ನೊಂದು ಸಲಹೆ, ಇಬ್ಬರಿಗೂ. ತಿರುಳನ್ನು ಪೂರ್ತಿ ಬಿದಿರಿನಲ್ಲೇ ಮಾಡಬೇಡಿ. ಮೋಸೊ ಹಲಗೆ ಘನಮೀಟರಿಗೆ 700 ಕಿಲೋ ಹತ್ತಿರ ತೂಗುತ್ತದೆ, ಪಾಪ್ಲರ್ ಮರ 420ರ ಆಸುಪಾಸು, ಪಾಲೋನಿಯಾ ಮರ ಅದಕ್ಕೂ ಹಗುರ. 158ರ ಬೋರ್ಡಿಗೆ ಬಿದಿರಿನ ತಿರುಳೇ ಒಂದೂವರೆ ಕಿಲೋ ಆಗುತ್ತದೆ, ಪಾಪ್ಲರಿನದು ಒಂದು ಕಿಲೋದ ಒಳಗೆ. ಎರಡೂ ಅಂಚುಗಳ ಉದ್ದಕ್ಕೆ ಮತ್ತು ಬೂಟನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗಿನ ತಿರುಪುಗಳು ಕೂರುವ ಸಾಲಿನಲ್ಲಿ ಮಾತ್ರ ಬಿದಿರಿನ ಪಟ್ಟಿ ಕೊಡಿ. ಬಲ ಬೇಕಾದ ಕಡೆ ಬಲ ಸಿಗುತ್ತದೆ, ಅಡ್ಡಕ್ಕೆ ಕುಗ್ಗುವ ಬಿದಿರಿನ ಪಾಲೂ ಇಳಿಯುತ್ತದೆ.

ಸೋನೆಮಳೆ (ಸಿಯಾಟಲ್)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹಾಳೆ ಪೂರ್ತಿ ಬಿಡಿಸಿದ ದಿನವೇ ಸಂದು ಅರ್ಧ ಮಿ.ಮೀ.ಗೆ ಇಳಿಯಿತು. ಹೀಟರ್ ಇಲ್ಲದ ಕೋಣೆಯಲ್ಲಿ ಇಟ್ಟ ಮೇಲೆ ಈಗ ತೆಳು ಕಾಗದ ಮಾತ್ರ ತೂರುವಷ್ಟಿದೆ. ಜಿಡ್ಡು ಬಿಸಿನೀರಿಗೆ ನೊರೆನೊರೆಯಾಗಿ ಬಿಟ್ಟುಬಂತು. ಗೆಣ್ಣುಗಳು ಒಂದೇ ಗೆರೆಯಲ್ಲಿಲ್ಲ, ಪರಿಶೀಲಿಸಿದೆ. ಪದರಪದರ ಅವರಿಗೂ ಮೆಳೆಬದಿಯವರಿಗೂ ಮನಸಾರೆ ಧನ್ಯವಾದ.

ಉಳಿದದ್ದು ಒಂದೇ ಪ್ರಶ್ನೆ. ಮೇಲೆ ಮತ್ತೆ ಬಿದಿರನ್ನೇ ಹಾಕಿದರೆ ಕರಗಿದ ಹಿಮದ ನೀರು ಬದಿಯಿಂದ ಒಳಗೆ ಹೋಗುವುದನ್ನು ತಡೆಯುವುದು ಹೇಗೆ?

ಪದರಪದರ (ಮ್ಯೂನಿಕ್)

ಬದಿಗಳಿಗೂ ತಿರುಪಿನ ತೂತುಗಳ ಒಳಮೈಗೂ ತೆಳುವಾದ ಎಪಾಕ್ಸಿಯನ್ನು ಸ್ವಲ್ಪ ಬೆಚ್ಚಗೆ ಮಾಡಿ, ಹೀರುವುದು ನಿಲ್ಲುವ ತನಕ ಹಚ್ಚಿ. ಅದರ ಮೇಲೆ ದೋಣಿಗಳಿಗೆ ಬಳಿಯುವ ವಾರ್ನಿಷ್. ಎಪಾಕ್ಸಿಗೆ ಬಿಸಿಲು ಆಗದು, ವಾರ್ನಿಷ್ ಅದನ್ನು ಕಾಯುತ್ತದೆ. ಅಂಚು ಹರಿತ ಮಾಡಿಸಿದಾಗಲೆಲ್ಲ ಬದಿಯ ವಾರ್ನಿಷ್ ಕೆರೆದುಹೋಗಿರುತ್ತದೆ, ಮತ್ತೆ ಬಳಿಯಿರಿ.

ಅಷ್ಟು ಆರೈಕೆ ಬೇಡವೆಂದರೆ ಹರಳೆಣ್ಣೆಯಿಂದ ಮಾಡುವ ನೈಲಾನ್ 11ರ ಹಾಳೆಯಿದೆ. ಅದೂ ಗಿಡದ್ದೇ, ಜಗತ್ತಿನ ಹರಳಿನಲ್ಲಿ ಹೆಚ್ಚಿನ ಪಾಲು ಭಾರತದ್ದು, ಅದರಲ್ಲೂ ಗುಜರಾತಿನದು. ನೀರನ್ನು ಬಹಳ ಕಡಿಮೆ ಹೀರುತ್ತದೆ, ಒಂದು ಮುಖವನ್ನು ಅಂಟಿಸಲು ಸಿದ್ಧಮಾಡಿಯೇ ಮಾರುತ್ತಾರೆ. ಬಿದಿರಿನ ಬಣ್ಣ ಕಾಣಬೇಕೆಂದರೆ ಪಾರದರ್ಶಕವಾದದ್ದನ್ನು 0.6 ಮಿ.ಮೀ. ಬಿದಿರಿನ ಮೇಲೆಯೇ ಹಾಸಿ, ಎರಡನ್ನೂ ಒಂದೇ ಸಲ ಒತ್ತಿ. ಅಂಟಿಸುವ ದಿನ ಕೋಣೆ 20 ಡಿಗ್ರಿಗಿಂತ ಮೇಲಿರಲಿ.