ಮಗುವಿನ ಉಬ್ಬಸಕ್ಕೆ ಯಾವ ಮೆಷಿನ್ ತೆಗೆದುಕೊಳ್ಳಲಿ? ಅನುಭವ ಇದ್ದವರು ಹೇಳಿ

ಕುಂಬಳೆಯಿಂದ:
ಮಗಳಿಗೆ 7 ವರ್ಷ. ಮಳೆ ಹಿಡಿದರೆ ಸಾಕು, ರಾತ್ರಿಯೆಲ್ಲ ಕೆಮ್ಮು, ಎದೆಯಲ್ಲಿ ಸುಯ್ ಸುಯ್ ಶಬ್ದ. ಡಾಕ್ಟರು ಅಸ್ತಮಾ ಎಂದು ಇನ್ಹೇಲರ್ ಕೊಟ್ಟಿದ್ದಾರೆ, ಮನೆಯಲ್ಲಿ ಗಮನ ಇಡಿ ಅಂದಿದ್ದಾರೆ. ಆಕ್ಸಿಮೀಟರ್, ಸ್ಮಾರ್ಟ್ ವಾಚ್, ಇನ್ಹೇಲರಿಗೆ ಸಿಕ್ಕಿಸುವ ಸೆನ್ಸರ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ಉಪಯೋಗಕ್ಕೆ ಬರುತ್ತದೆ?

ಬದಿಯಡ್ಕದಿಂದ:
ಅಕ್ಕಾ, ನನ್ನ ಮಗನಿಗೂ ಇದೇ ತೊಂದರೆ. ಮೊದಲು ಪೀಕ್ ಫ್ಲೋ ಮೀಟರ್ ತೆಗೆದುಕೊಳ್ಳಿ. ಡಿಜಿಟಲ್ ಆದರೆ ಲೆಕ್ಕ ತಾನೇ ಇಟ್ಟುಕೊಳ್ಳುತ್ತದೆ, ಇಲ್ಲದಿದ್ದರೆ ಮುಳ್ಳು ಸರಿಯುವ ಸಾದಾ ಪ್ಲಾಸ್ಟಿಕ್ಕಿನದ್ದೂ ಸಾಕು, ಬೆಲೆಯೂ ಕಮ್ಮಿ. ಊದಿದ ಗಾಳಿ ಎಷ್ಟು ವೇಗವಾಗಿ ಹೊರಗೆ ಬರುತ್ತದೆ ಎಂದು ಅದು ತೋರಿಸುತ್ತದೆ. ಶ್ವಾಸನಾಳ ಬಿಗಿಯಾಗಲು ಶುರುವಾದರೆ ಎಷ್ಟೋ ಸಲ ಕೆಮ್ಮು ಜೋರಾಗುವ ಮೊದಲೇ ನಂಬರ್ ಇಳಿಯುತ್ತದೆ. 5 ವರ್ಷದೊಳಗಿನವರಿಗೆ ಸರಿಯಾಗಿ ಊದಲು ಬರುವುದಿಲ್ಲ, ನಿಮ್ಮ ಮಗಳಿಗೆ ಕಲಿಸಬಹುದು. ನಿಂತುಕೊಂಡು, ಉಸಿರು ಪೂರ್ತಿ ಎಳೆದು, ತುಟಿ ಬಿಗಿ ಹಿಡಿದು ಒಮ್ಮೆಲೇ ಊದಬೇಕು. 3 ಸಲ ಊದಿಸಿ, ಜಾಸ್ತಿ ಬಂದದ್ದನ್ನು ಬರೆದಿಡಿ. ಬೆಳಿಗ್ಗೆ, ಸಂಜೆ, ಇನ್ಹೇಲರ್ ಕೊಡುವ ಮೊದಲು.

ಮಗು ಚೆನ್ನಾಗಿರುವಾಗ 2-3 ವಾರ ಹೀಗೆ ಬರೆದರೆ ಅವಳ ಅತಿ ಒಳ್ಳೆಯ ನಂಬರ್ ಸಿಗುತ್ತದೆ. ಅದು 200 ಎಂದಿಟ್ಟುಕೊಳ್ಳಿ. 160ರ (ಶೇಕಡ 80) ಮೇಲೆ ಹಸಿರು, ಅಂದರೆ ಸರಿ ಇದೆ; 100ರಿಂದ (ಶೇಕಡ 50) 160 ಹಳದಿ, ಅಂದರೆ ಎಚ್ಚರ; 100ಕ್ಕಿಂತ ಕೆಳಗೆ ಕೆಂಪು, ಅಂದರೆ ಅಪಾಯ. ಬೇರೆ ಮಕ್ಕಳ ನಂಬರಿಗೆ ಹೋಲಿಸಲೇಬೇಡಿ. ಹಳದಿಗೆ ಇಳಿದರೆ ಎಷ್ಟು ಪಫ್ (ಇನ್ಹೇಲರ್ ಎಷ್ಟು ಸಲ ಒತ್ತಬೇಕು), ಕೆಂಪಾದರೆ ಏನು ಮಾಡಬೇಕು ಎಂದು ಡಾಕ್ಟರ ಹತ್ತಿರ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಅದಿಲ್ಲದೆ ಯಾವ ಮೆಷಿನ್ ತಂದರೂ ನಡುರಾತ್ರಿ ನಂಬರ್ ನೋಡಿ ಹೆದರುವುದು ಮಾತ್ರ ಆಗುತ್ತದೆ.

ನಮಗೆ ಜಾಸ್ತಿ ಉಪಕಾರ ಆದದ್ದು ನಂಬರಿನ ಪಕ್ಕ ಆ ದಿನದ ವಿಷಯ ಬರೆದದ್ದರಿಂದ. ಬಚ್ಚಲ ಒಲೆಗೆ ಹಸಿ ಸೌದೆ ಇಟ್ಟದ್ದು, ಅಟ್ಟದಿಂದ ಹಳೆ ಹಾಸಿಗೆ ಇಳಿಸಿದ್ದು, ಸೊಳ್ಳೆಬತ್ತಿ ಹಚ್ಚಿದ್ದು, ಇವುಗಳ ಮರುದಿನ ನಂಬರ್ ಇಳಿದಿರುತ್ತಿತ್ತು. ಬತ್ತಿ ಬಿಟ್ಟು ಸೊಳ್ಳೆಪರದೆ ಕಟ್ಟಿದೆವು. ಒಲೆ ಉರಿಯುವಾಗ ಮಗನನ್ನು ಆ ಕಡೆ ಬಿಡುವುದಿಲ್ಲ. ಆಟಿ ತಿಂಗಳ ಮಳೆಯಲ್ಲಿ ಗೋಡೆಗೆಲ್ಲ ಬೂಷ್ಟು ಬರುತ್ತದಲ್ವಾ, ಅದಕ್ಕೆ ಮಲಗುವ ಕೋಣೆಯಲ್ಲಿ ತೇವ ಅಳೆಯುವ ಸಣ್ಣ ಮೀಟರ್ ಇಟ್ಟಿದ್ದೇವೆ. ತೇವ ಶೇಕಡ 50ಕ್ಕಿಂತ ಕೆಳಗಿದ್ದರೆ ಹಾಸಿಗೆಯ ಧೂಳುಹುಳ ಹೆಚ್ಚುವುದಿಲ್ಲ. ನಮ್ಮ ಮಳೆಗಾಲದಲ್ಲಿ ಅದು ಆಗುವ ಮಾತಲ್ಲ, ಆದರೂ ಯಾವಾಗ ಕಿಟಕಿ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ತಿಳಿಯುತ್ತದೆ.

ಮಂಜೇಶ್ವರದಿಂದ:
ನಾನು ನರ್ಸ್. ಆಕ್ಸಿಮೀಟರ್ ಬೇಡ ಎನ್ನುವುದಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ. ಅಸ್ತಮಾದಲ್ಲಿ ಆಕ್ಸಿಜನ್ ಇಳಿಯುವುದು ತಡವಾಗಿ. 97 ತೋರಿಸುವಾಗಲೂ ಮಗು ಕಷ್ಟಪಟ್ಟು ಉಸಿರಾಡುತ್ತಿರಬಹುದು. ದೊಡ್ಡವರ ಕ್ಲಿಪ್ ಸಣ್ಣ ಬೆರಳಿಗೆ ಸಡಿಲ, ಕೈ ತಣ್ಣಗಿದ್ದರೂ ಉಗುರಿಗೆ ಬಣ್ಣ ಇದ್ದರೂ ತಪ್ಪು ನಂಬರ್ ಬರುತ್ತದೆ. ವಾಚಿನ ಆಕ್ಸಿಜನ್ ನಂಬರ್ ನೋಡಿ ಔಷಧಿ ತೀರ್ಮಾನ ಮಾಡುವುದಂತೂ ಬೇಡವೇ ಬೇಡ. ಅಂಗಿ ಎತ್ತಿ ನೋಡಿ. ಪಕ್ಕೆಲುಬಿನ ನಡುವೆ, ಗಂಟಲ ಗುಳಿಯಲ್ಲಿ ಚರ್ಮ ಒಳಗೆ ಎಳೆಯುತ್ತಿದ್ದರೆ, ಒಂದು ಮಾತು ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿಯಾದರೆ, ನಂಬರ್ ಏನೇ ಇರಲಿ, ಪಫ್ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಮಂಗಳೂರಿಗೇ ಹೋಗೋಣ ಎಂದು ಕಾಯಬೇಡಿ, ಹತ್ತಿರದಲ್ಲಿ ಎಲ್ಲಿ ಆಕ್ಸಿಜನ್, ನೆಬ್ಯುಲೈಸರ್ (ಔಷಧಿಯನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಮೆಷಿನ್) ಇದೆಯೋ ಅಲ್ಲಿಗೆ ಮೊದಲು.

ಪೆರ್ಲದವನು, ಈಗ ದುಬೈಯಲ್ಲಿ:
ಸೆನ್ಸರ್ ನಾವು ಬಳಸುತ್ತೇವೆ. ಇನ್ಹೇಲರ್ ಒತ್ತಿದ ದಿನ, ಹೊತ್ತು ಬ್ಲೂಟೂತಿನಲ್ಲಿ ಫೋನಿಗೆ ಬರುತ್ತದೆ. ದಿನಾ ಕೊಡುವ ಔಷಧಿ ತಪ್ಪಿತಾ, ಉಬ್ಬಸ ಬಂದಾಗ ಕೊಡುವುದು ಜಾಸ್ತಿ ಖರ್ಚಾಗುತ್ತಿದೆಯಾ ಎಂದು ಕೂಡಲೇ ಗೊತ್ತಾಗುತ್ತದೆ. ಡಾಕ್ಟರಿಗೆ ಅದನ್ನೇ ತೋರಿಸುತ್ತೇವೆ. ಆದರೆ ಔಷಧಿ ಎದೆಯೊಳಗೆ ಹೋಯಿತಾ, ಬಾಯಲ್ಲೇ ಉಳಿಯಿತಾ ಎಂದು ಇದಕ್ಕೆ ತಿಳಿಯುವುದಿಲ್ಲ, ಹಾಗಾಗಿ ಸ್ಪೇಸರ್ (ಇನ್ಹೇಲರಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ) ಇಲ್ಲದೆ ಕೊಡಬೇಡಿ. ಎಲ್ಲ ಇನ್ಹೇಲರಿಗೂ ಇದು ಕೂರುವುದಿಲ್ಲ. ಊರಿನಲ್ಲಿ ಬರೆದುಕೊಟ್ಟ ಇನ್ಹೇಲರಿನ ಫೋಟೊ ಇಟ್ಟುಕೊಂಡು ಕೇಳಿಯೇ ತರಿಸಿ, ಅಕ್ಕ.