ಅಪ್‌ಡೇಟ್: 2 ಕೆವಿ ಐಸೊಲೇಟೆಡ್ ಸಪ್ಲೈನ ಸ್ಪೈಕ್ ಹಿಡಿತಕ್ಕೆ ಬಂತು

ನಾನು ಇಲ್ಲಿ ಕೇಳಿದ್ದು ಇಷ್ಟು: 400 ವೋಲ್ಟ್ ಬಸ್‌ನ (ಡಿಸಿ ಸಪ್ಲೈ ಲೈನ್) ಹಾಫ್-ಬ್ರಿಡ್ಜ್ (ಎರಡು ಸ್ವಿಚ್‌ಗಳು ಟ್ರಾನ್ಸ್‌ಫಾರ್ಮರ್ ಓಡಿಸುವ ಸರ್ಕ್ಯೂಟ್), ಅರ್ತ್‌ಗೆ ಜೋಡಿಸದೆ ತೇಲುವ 2 ಕೆವಿ ಔಟ್‌ಪುಟ್, ಪ್ರತಿ ಸ್ವಿಚಿಂಗ್‌ಗೂ ಕರೆಂಟ್ ರೀಡಿಂಗ್ ಹಾರುತ್ತಿದೆ, ಫಿಲ್ಟರ್ ಕೆಪಾಸಿಟರ್ ಎಷ್ಟು ಹೆಚ್ಚಿಸಿದರೂ ಜಗ್ಗುತ್ತಿಲ್ಲ, ಯಾಕೆ?

ಮೊದಲು ನೀವು ಹೇಳಿದ ಪರೀಕ್ಷೆ. ಸ್ಕೋಪ್ ಪ್ರೋಬ್‌ನ ತುದಿ, ಗ್ರೌಂಡ್ ಕ್ಲಿಪ್ ಎರಡನ್ನೂ ಸೆಕೆಂಡರಿ ರಿಟರ್ನ್‌ನ (ಔಟ್‌ಪುಟ್‌ನ ಮೈನಸ್ ಕಡೆ) ಒಂದೇ ಬಿಂದುವಿಗೆ ಸಿಕ್ಕಿಸಿದರೂ ಸ್ಪೈಕ್ ಹಾಗೇ ಇತ್ತು. ಅಂದರೆ ಅದು ಔಟ್‌ಪುಟ್ ರಿಪಲ್ (ಪ್ಲಸ್-ಮೈನಸ್ ನಡುವಿನ ಏರಿಳಿತ) ಅಲ್ಲವೇ ಅಲ್ಲ, ಕಾಮನ್ ಮೋಡ್, ಅಂದರೆ ಎರಡೂ ತಂತಿ ಒಟ್ಟಿಗೆ ಅರ್ತ್‌ಗೆ ಹೋಲಿಸಿದರೆ ಜಿಗಿಯುವುದು. (ಹೈವೋಲ್ಟೇಜ್ ಆನ್ ಇರುವಾಗ ಕ್ಲಿಪ್ ಮುಟ್ಟಬೇಡಿ, ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, ಆಮೇಲೆ ಸಿಕ್ಕಿಸಿ.)

ಟ್ರಾನ್ಸ್‌ಫಾರ್ಮರ್ ವೈಂಡಿಂಗ್‌ಗಳ ನಡುವಿನ ಕೆಪಾಸಿಟೆನ್ಸ್ 60 ಪಿಕೋಫ್ಯಾರಡ್. 400 ವೋಲ್ಟ್ 40 ನ್ಯಾನೊಸೆಕೆಂಡ್‌ನಲ್ಲಿ ಜಿಗಿದರೆ 0.6 ಆಂಪಿಯರ್ ಹರಿಯುತ್ತದೆ. ಅದು ಸೆನ್ಸ್ ವೈರ್ (ಕರೆಂಟ್ ಅಳೆಯುವ ತಂತಿ), ಸ್ಕೋಪ್, ಅರ್ತ್ ಸುತ್ತಿ ಬರುತ್ತಿತ್ತು. ಪ್ಲಸ್-ಮೈನಸ್ ನಡುವೆ ಕೂರುವ ಕೆಪಾಸಿಟರ್‌ಗೆ ಆ ದಾರಿ ಕಾಣುವುದೇ ಇಲ್ಲ.

ಪ್ರೈಮರಿ-ಸೆಕೆಂಡರಿ ನಡುವೆ ಒಂದು ಸುತ್ತು ತಾಮ್ರದ ಫಾಯಿಲ್ ಹಾಕಿ, ಬಸ್ ನೆಗೆಟಿವ್‌ಗೆ ಗಿಡ್ಡ, ಅಗಲ ಪಟ್ಟಿಯಿಂದ ಜೋಡಿಸಿದೆ. ಫಾಯಿಲ್‌ನ ಎರಡು ತುದಿ ಒಂದರ ಮೇಲೊಂದು ಬರಲಿ, ಆದರೆ ನಡುವೆ ಟೇಪ್ ಇರಲೇಬೇಕು. ಮುಟ್ಟಿದರೆ ಅದೇ ಶಾರ್ಟೆಡ್ ಟರ್ನ್ (ಶಾರ್ಟ್ ಆದ ಒಂದು ಸುತ್ತು), ಸ್ವಿಚ್ ಮಾಡುವ ಮಾಸ್ಫೆಟ್ ಸುಟ್ಟಂತೆಯೇ. ಉದ್ದ ವೈರಿನಲ್ಲಿ ಜೋಡಿಸಿದರೆ ಇಂಡಕ್ಟೆನ್ಸ್‌ನಿಂದ ಅರ್ಧ ಲಾಭವೂ ಸಿಗದು. ಉಳಿದ ಕೆಪಾಸಿಟೆನ್ಸ್ ಸುಮಾರು 4 ಪಿಕೋಫ್ಯಾರಡ್, ಕರೆಂಟ್ 40 ಮಿಲಿಆಂಪಿಯರ್.

ಸೆಕೆಂಡರಿ ರಿಟರ್ನ್‌ನಿಂದ ಬಸ್ ನೆಗೆಟಿವ್‌ಗೆ 2.2 ನ್ಯಾನೊಫ್ಯಾರಡ್ ವೈ-ಕೆಪಾಸಿಟರ್ (ಮೇನ್ಸ್ ಸರ್ಕ್ಯೂಟ್‌ನ ಸುರಕ್ಷಾ ಕೆಪಾಸಿಟರ್) ಹಾಕುವ ಸಲಹೆಯನ್ನು ಕೈಬಿಟ್ಟೆ. ಬಳಕೆಯಲ್ಲಿ ರಿಟರ್ನ್ ಕಿಲೋವೋಲ್ಟ್ ಮೇಲೆ ತೇಲುವಲ್ಲಿ ಮೇನ್ಸ್‌ಗೆಂದು ಮಾಡಿದ ಭಾಗ ಸಲ್ಲದು. ಬದಲಿಗೆ ಎರಡೂ ಸೆನ್ಸ್ ವೈರ್ ಒಟ್ಟಿಗೆ ಫೆರೈಟ್ ರಿಂಗ್‌ನಲ್ಲಿ ಎಂಟು ಸುತ್ತು. ಈಗ ರೀಡಿಂಗ್ ನಿಂತಿದೆ.